ಒಂದು ಪೂರ್ತಿ ನಿಮಿಷ

ಫೀಸು ಕಟ್ಟಿ ಕಟ್ಟಿ ಹಣ್ಣಾಗಿ ಇವತ್ತು ಹಿಂದಿನ ಸಾಲಿನಲ್ಲಿ ಕೂತಿರುವ ತಂದೆತಾಯಿಯರೇ, ಹೊಸದಾಗಿ ಡಾಕ್ಟರು, ನರ್ಸು, ಫಿಸಿಯೋಥೆರಪಿಸ್ಟು ಆಗಿರುವ ಹುಡುಗ ಹುಡುಗಿಯರೇ,

ನಿಮಗೆಲ್ಲ ಅಭಿನಂದನೆ. ಚಿನ್ನದ ಪದಕ ಬಂದವರಿಗೆ ಇನ್ನೊಂದು ಸಲ. ಬರದವರಿಗೆ ಹೇಳುವುದಾದರೆ, ನನಗೂ ಬಂದಿರಲಿಲ್ಲ. ಆ ಶಾಸ್ತ್ರ ಮುಗಿಯಿತು. ಈ ಗೌನು ನಮ್ಮ ಸೆಕೆಗೆ ಹೊಲಿದದ್ದಲ್ಲ, ಬೇಗ ಮುಗಿಸುತ್ತೇನೆ ಎಂದು ಕುಲಪತಿಗಳಿಗೆ ಮಾತು ಕೊಟ್ಟಿದ್ದೇನೆ. ಉಳಿಸಿಕೊಳ್ಳುತ್ತೇನೆಂದು ನನಗೇ ನಂಬಿಕೆಯಿಲ್ಲ.

ಎಲ್ಲರೂ ಒಂದು ಕೆಲಸ ಮಾಡಿ. ದವಡೆಯ ಮೂಲೆಯ ಕೆಳಗೆ, ಕತ್ತಿನ ಪಕ್ಕಕ್ಕೆ ಎರಡು ಬೆರಳಿಡಿ. ಒಂದೇ ಪಕ್ಕ ಸಾಕು, ಎರಡೂ ಕಡೆ ಒತ್ತಿಕೊಂಡು ಇಲ್ಲೇ ತಲೆ ಸುತ್ತಿ ಬೀಳಬೇಡಿ. ನಾಡಿ ಸಿಕ್ಕಿತಲ್ಲ? ಅಲ್ಲಿ ರಕ್ತನಾಳ ಕವಲೊಡೆಯುತ್ತದೆ. ಆ ಕವಲಿನ ಸಂದಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಗಂಟೊಂದಿದೆ, ಕರೋಟಿಡ್ ಬಾಡಿ. ಮೊದಲ ವರ್ಷ ಓದಿದಿರಿ, ಪರೀಕ್ಷೆಯಲ್ಲಿ ಬರೆದಿರಿ, ಮರೆತಿರಿ. ಸ್ಪೇನಿನ ಫೆರ್ನಾಂಡೊ ದೆ ಕಾಸ್ತ್ರೊ ಸೂಕ್ಷ್ಮದರ್ಶಕದ ಕೆಳಗೆ ಇದರ ನರಗಳ ಜಾಡು ಹಿಡಿದು, ಇದು ರಕ್ತದ ರುಚಿ ನೋಡುವ ಅಂಗ ಎಂದು 1920ರ ದಶಕದಲ್ಲೇ ಹೇಳಿದ್ದ. 1938ರ ನೊಬೆಲ್ ಮಾತ್ರ ಅದನ್ನು ಪ್ರಯೋಗ ಮಾಡಿ ತೋರಿಸಿದ ಬೆಲ್ಜಿಯಂನ ಕಾರ್ನೀಲ್ ಹೇಮನ್ಸ್‌ಗೆ ಹೋಯಿತು. ಪದಕ ಬರದವರು ದೆ ಕಾಸ್ತ್ರೊನನ್ನು ನೆನೆಸಿಕೊಂಡು ಸಮಾಧಾನಪಡಬಹುದು.

ರಕ್ತದಲ್ಲಿ ಆಕ್ಸಿಜನ್ ಇಳಿದರೆ ಈ ಅಕ್ಕಿಕಾಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ, ಉಸಿರಾಟ ಚುರುಕಾಗುತ್ತದೆ. ಆದರೆ ಇದು ಸ್ವಲ್ಪ ನಿಧಾನದ ಕಾವಲುಗಾರ. ಅಪಧಮನಿಯ ಆಕ್ಸಿಜನ್ ಒತ್ತಡ ಸುಮಾರು 60 ಮಿಲಿಮೀಟರಿಗೆ ಇಳಿಯುವವರೆಗೂ ಗೊಣಗುತ್ತದೆಯೇ ಹೊರತು ಕೂಗುವುದಿಲ್ಲ. ನೀರಲ್ಲಿ ಮುಳುಗಿ ಉಸಿರು ಬಿಗಿಹಿಡಿದಾಗ ಎದೆ ಒಡೆಯುವ ಹಾಗಾಗುತ್ತದಲ್ಲ, ಆ ಸಂಕಟದ ಬಹುಪಾಲು ಆಕ್ಸಿಜನ್ ಕಡಿಮೆಯಾಗಿ ಬಂದದ್ದಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಬಂದದ್ದು. ಬೆಟ್ಟದ ಮೇಲೆ ಜೋರಾಗಿ ಉಸಿರಾಡಿ ಆ ಡೈಆಕ್ಸೈಡನ್ನು ಹೊರಗೆ ಹಾಕಿಬಿಡುತ್ತೀರಿ. ಕೊರತೆ ಉಳಿಯುತ್ತದೆ, ದೂರು ಇಲ್ಲವಾಗುತ್ತದೆ. ನನ್ನ ಮೂವತ್ತು ವರ್ಷದ ನೌಕರಿಯ ಭಯವೆಲ್ಲ ಇದೊಂದೇ.

ಈ ಕಾಗದ ನೋಡಿ. ಹಿಂದಿನವರಿಗೆ ಕಾಣುವುದಿಲ್ಲ, ಓದಿ ಹೇಳುತ್ತೇನೆ. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆಯಲ್ಲ, ಅಲ್ಲಿನ ಕಬ್ಬಿಣದ ಕೋಣೆಯೊಳಗೆ ಕೂರಿಸಿ ಗಾಳಿಯ ಒತ್ತಡ ಇಳಿಸುತ್ತಾರೆ. ಬೆಂಗಳೂರಲ್ಲೇ ಕೂತು 25,000 ಅಡಿ ಹತ್ತಿದ ಹಾಗೆ. ಮಾಸ್ಕ್ ತೆಗೆದು, ನೂರರಿಂದ ಏಳೇಳು ಕಳೆಯುತ್ತಾ ಬರೆಯಿರಿ ಅಂದರು. ನಾನು ಬರೆದದ್ದು ಹೀಗಿದೆ: 100, 93, 86, 79, 72, 72, 72. ಆಮೇಲೆ ಒಂದು ಗೆರೆ ಕಾಗದದ ಅಂಚಿನವರೆಗೆ ಜಾರಿಕೊಂಡು ಹೋಗಿದೆ. ಪಕ್ಕದವರು ಮಾಸ್ಕ್ ಹಾಕದಿದ್ದರೆ ನಾನೂ ಅದರ ಹಿಂದೆಯೇ ಹೋಗುತ್ತಿದ್ದೆ. ಹೆದರಿಕೆಯಾದದ್ದು ಗೆರೆ ನೋಡಿ ಅಲ್ಲ. ಲೆಕ್ಕ ಸಲೀಸಾಗಿ ಮುಗಿಸಿದೆ, ನೂರಕ್ಕೆ ನೂರು ಬರುತ್ತದೆ ಎಂಬ ಖುಷಿಯಲ್ಲಿದ್ದೆನಲ್ಲ, ಅದು ನೆನಪಾಗಿ.

1875ರಲ್ಲಿ ಝೆನಿತ್ ಎಂಬ ಬಲೂನಿನಲ್ಲಿ ಮೂವರು ಫ್ರೆಂಚರು 8,000 ಮೀಟರು ದಾಟಿದರು. ಆಕ್ಸಿಜನ್ ಚೀಲಗಳು ತಲೆಯ ಮೇಲೇ ತೂಗುತ್ತಿದ್ದವು. ನಳಿಕೆ ಬಾಯಿಗಿಟ್ಟುಕೊಳ್ಳಲು ಕೈ ಏಳಲಿಲ್ಲ. ಬದುಕಿ ಇಳಿದವನು ತಿಸ್ಸಾಂದಿಯೇ ಒಬ್ಬನೇ. ಅವನೂ ಬರೆದಿಟ್ಟದ್ದು ನೋವಿನ ಮಾತಲ್ಲ, ಒಂದು ಬಗೆಯ ಆನಂದದ ಮಾತು.

ಈಗ ಒಬ್ಬ ಹವಾಲ್ದಾರರ ವಿಷಯ. ಕುಲಪತಿಗಳು ಗಡಿಯಾರ ನೋಡುತ್ತಿದ್ದಾರೆ, ನೋಡಲಿ.

ಎಂಬತ್ತರ ದಶಕ. ನಾನು ಲಡಾಖಿನ ಒಂದು ಪೋಸ್ಟಿನಲ್ಲಿ ಸೈನ್ಯದ ಡಾಕ್ಟರು, ಕ್ಯಾಪ್ಟನ್, ಎತ್ತರ ಸುಮಾರು 15,000 ಅಡಿ. ನನ್ನ ಜೊತೆ ಗೋಕಾಕ ಕಡೆಯ ಒಬ್ಬರು ನರ್ಸಿಂಗ್ ಹವಾಲ್ದಾರರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು, ಆದರೂ ನನ್ನನ್ನು ‘ಸಾಹೇಬ್ರ’ ಅನ್ನುತ್ತಿದ್ದರು. ಎಚ್‌ಎಂಟಿ ವಾಚನ್ನು ಮಣಿಕಟ್ಟಿನ ಒಳಗಡೆಗೆ ಮುಖ ಮಾಡಿ ಕಟ್ಟಿರುತ್ತಿದ್ದರು. ರಾತ್ರಿ ಬುಖಾರಿ ಒಲೆಯ ಸೀಮೆಎಣ್ಣೆ ವಾಸನೆ ತುಂಬಿದ ಬಂಕರಿನೊಳಗೆ ಟಾರ್ಚಿಗೆ ಬೆರಳು ಅಡ್ಡ ಹಿಡಿದುಕೊಂಡು ಬಂದು, ಮಲಗಿದ ಪ್ರತಿಯೊಬ್ಬ ಹುಡುಗನ ಎದೆಯ ಮೇಲೆ ಅಂಗೈ ಇಡುತ್ತಿದ್ದರು. ತುಟಿ ಅಲ್ಲಾಡಿಸುತ್ತಾ ಎಣಿಸುತ್ತಿದ್ದರು. ಒಬ್ಬೊಬ್ಬನಿಗೂ ಪೂರ್ತಿ ಒಂದು ನಿಮಿಷ.

ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಲದೇ ಎಂದು ಕಾಲೇಜಿನ ಜಾಣತನ ತೋರಿಸಿದೆ. ಅವರು ನನ್ನ ಕೈ ಹಿಡಿದು ಒಬ್ಬನ ಎದೆಯ ಮೇಲಿಟ್ಟರು. ನಾಲ್ಕೈದು ಉಸಿರು ಜೋರಾಗಿ ಬಂತು, ಸಣ್ಣದಾಯಿತು, ನಿಂತೇಹೋಯಿತು. ನನ್ನದೂ ನಿಂತಿತು. ಹತ್ತು ಸೆಕೆಂಡಿಗೂ ಮೇಲೆ, ಏನೂ ಆಗದವನ ಹಾಗೆ ಹುಡುಗ ಮತ್ತೆ ಉಸಿರೆಳೆದ. ಆ ಎತ್ತರದಲ್ಲಿ ನಿದ್ದೆಯ ಉಸಿರೇ ಹಾಗೆ, ಅಲೆಯಲೆಯಾಗಿ ಬರುತ್ತದೆ. ನನ್ನ ಹದಿನೈದು ಸೆಕೆಂಡು ಆ ಬಿಡುವಿನಲ್ಲಿ ಬಿದ್ದಿದ್ದರೆ, ಲೆಕ್ಕದ ಪ್ರಕಾರ ಆತ ಸತ್ತವನು.

ದೀರ್ಘ ರಜೆ ಮುಗಿಸಿ ಬಂದವನೂ ಬೆಟ್ಟಕ್ಕೆ ಹೊಸಬನೇ ಎನ್ನುವುದು ಸೈನ್ಯದ ನಿಯಮ. 9,000 ಅಡಿ ಮೇಲೆ ಆರು ದಿನ, 12,000ದಲ್ಲಿ ನಾಲ್ಕು, 15,000ದಲ್ಲಿ ಮತ್ತೆ ನಾಲ್ಕು. ಈ ನಿಯಮ ಪುಸ್ತಕದಿಂದ ಬಂದದ್ದಲ್ಲ. 1962ರ ಯುದ್ಧದಲ್ಲಿ ಬಯಲಿನ ಹುಡುಗರನ್ನು ಅವಸರದಲ್ಲಿ ಬೆಟ್ಟ ಹತ್ತಿಸಿದಾಗ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದನ್ನು ನಮ್ಮ ವೈದ್ಯರು ಕಣ್ಣಾರೆ ಕಂಡರು. ಇಂದರ್ ಸಿಂಗ್ ಮತ್ತು ಸಂಗಡಿಗರು ಅಂಥ 332 ಮಂದಿಯ ವಿವರವನ್ನು 1965ರ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಸೈನ್ಯದ ಬಾಯಲ್ಲಿ ಆ ಕಾಯಿಲೆಯ ಹೆಸರು ಹ್ಯಾಪೋ. ಶ್ವಾಸಕೋಶದ ಒಂದು ಮೂಲೆಗೆ ಗಾಳಿ ಬಾರದಿದ್ದರೆ ಅಲ್ಲಿನ ರಕ್ತನಾಳ ಮುದುಡಿ ರಕ್ತವನ್ನು ಗಾಳಿಯಿರುವ ಕಡೆಗೆ ಕಳಿಸುತ್ತದೆ. ಊರಿನಲ್ಲಿ ಅದು ಜಾಣತನ. ಎಲ್ಲ ಮೂಲೆಯಲ್ಲೂ ಆಕ್ಸಿಜನ್ ಕಡಿಮೆಯಿರುವ ಬೆಟ್ಟದ ಮೇಲೆ ಎಲ್ಲ ನಾಳವೂ ಒಟ್ಟಿಗೆ ಮುದುಡಿ, ಒತ್ತಡ ಏರಿ, ನೀರು ಜಿನುಗುತ್ತದೆ.

ಇಷ್ಟೆಲ್ಲ ಗೊತ್ತಿದ್ದ ನಾನು, ಎರಡು ತಿಂಗಳ ರಜೆ ಮುಗಿಸಿ ಬಂದ ಒಬ್ಬ ಸಿಪಾಯಿಯನ್ನು ನಾಲ್ಕು ದಿನ ಮುಂಚೆಯೇ ಮೇಲಕ್ಕೆ ಬಿಟ್ಟೆ. ‘ಠೀಕ್ ಹೂಂ ಸಾಬ್’ ಅಂದ, ಕೆನ್ನೆ ಕೆಂಪಗಿತ್ತು, ನಂಬಿದೆ. ತಪ್ಪು ಪೂರಾ ನನ್ನದು. ಎರಡನೆಯ ರಾತ್ರಿ ಎರಡು ಗಂಟೆಗೆ ಹವಾಲ್ದಾರರು ನನ್ನ ಭುಜ ಅಲುಗಿಸಿದರು. ‘ಏಳ್ರಿ ಸಾಹೇಬ್ರ. ಮೂವತ್ತೆಂಟು.’ ಅಷ್ಟೇ. ಹುಡುಗ ಎದ್ದು ಕೂತು ನನಗೆ ಮತ್ತೆ ಅದೇ ಠೀಕ್ ಹೂಂ ಹೇಳಿದ. ತುಟಿ ನೇರಳೆ ಹಣ್ಣು ತಿಂದವನ ಹಾಗಿತ್ತು. ಎದೆಗೆ ಸ್ಟೆತ್ ಇಟ್ಟರೆ ಬಿಸಿ ಬಾಣಲೆಗೆ ಉಪ್ಪು ಎರಚಿದ ಸದ್ದು. ಆಮೇಲೆ ಕೆಮ್ಮಿದ, ಕರವಸ್ತ್ರದಲ್ಲಿ ನಸುಗೆಂಪು ನೊರೆ. ಇದ್ದ ಒಂದು ಸಿಲಿಂಡರು ಹಚ್ಚಿ, ಒನ್‌ಟನ್ ಗಾಡಿಯಲ್ಲಿ ಆಗಲೇ ಇಳಿಸಿದೆವು. ದಾರಿಯುದ್ದಕ್ಕೂ ಹವಾಲ್ದಾರರು ಅವನನ್ನು ತಮ್ಮ ಎದೆಗೊರಗಿಸಿ ಕೂರಿಸಿಕೊಂಡಿದ್ದರು. ಮೂರು ಸಾವಿರ ಅಡಿ ಇಳಿದು ಬೆಳಗಾಗುವ ಹೊತ್ತಿಗೆ ಹುಡುಗ ಚಹಾ ಕೇಳಿದ.

ಅವರು ನನ್ನ ಮೇಲೆ ಯಾರಿಗೂ ದೂರು ಹೇಳಲಿಲ್ಲ. ಎರಡು ದಿನ ಬಿಟ್ಟು, ಬೂಟಿಗೆ ಪಾಲಿಶ್ ಹಚ್ಚುತ್ತಾ, ನನ್ನ ಕಡೆ ನೋಡದೆ ಅಂದರು: ‘ಅಂವಾ ಬಾಯಿಲೆ ಏನ್ ಹೇಳ್ತಾನ ಕೇಳಬ್ಯಾಡ್ರಿ ಸಾಹೇಬ್ರ. ಎದಿ ಏನ್ ಹೇಳ್ತೈತಿ ನೋಡ್ರಿ.’

ನಮ್ಮ ಆ ಪೋಸ್ಟಿಗಿಂತಲೂ ಎತ್ತರದ ಸಿಯಾಚಿನ್ ಹೆಸರು ಕರ್ನಾಟಕದ ಮನೆಮನೆಗೆ ಮುಟ್ಟಿದ್ದು 2016ರ ಫೆಬ್ರವರಿಯಲ್ಲಿ, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಹೂತುಹೋಗಿಯೂ ಜೀವಂತ ಸಿಕ್ಕಾಗ. ಅವರನ್ನು ಉಳಿಸಿಕೊಳ್ಳಲಾಗಲಿಲ್ಲ. ಅವರಿದ್ದ ಪೋಸ್ಟು 19,000 ಅಡಿಗೂ ಮೇಲೆ. ಅಲ್ಲಿಯೂ ಗಾಳಿಯಲ್ಲಿ ಆಕ್ಸಿಜನ್ನಿನ ಪಾಲು ಈ ಸಭಾಂಗಣದಲ್ಲಿರುವಷ್ಟೇ, ನೂರಕ್ಕೆ ಇಪ್ಪತ್ತೊಂದು. ಗಾಳಿಯ ಒತ್ತಡವೇ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ.

ಹಾಗಾದರೆ ಮನುಷ್ಯ ಅಲ್ಲಿ ಹೇಗೆ ಬದುಕುತ್ತಾನೆ? ಇದಕ್ಕೆ ಉತ್ತರ ಹುಡುಕಿದ ಸೆಮೆನ್ಝಾ, ರ‍್ಯಾಟ್‌ಕ್ಲಿಫ್, ಕೇಲಿನ್ ಮೂವರಿಗೆ 2019ರ ನೊಬೆಲ್ ಬಂತು. ಒಂದೊಂದು ಜೀವಕೋಶದೊಳಗೂ ಒಬ್ಬ ಗುಮಾಸ್ತ ಇದ್ದಾನೆ ಅಂದುಕೊಳ್ಳಿ. ‘ಆಕ್ಸಿಜನ್ ಸಾಲದು’ ಎಂದು ಹಗಲೂ ರಾತ್ರಿ ಅರ್ಜಿ ಬರೆಯುತ್ತಲೇ ಇರುತ್ತಾನೆ. ಪಕ್ಕದಲ್ಲೇ ಇನ್ನೊಬ್ಬ, ಬರೆದದ್ದನ್ನು ಐದು ನಿಮಿಷದೊಳಗೆ ಹರಿದುಹಾಕುತ್ತಿರುತ್ತಾನೆ. ಆ ಅರ್ಜಿಯ ಹೆಸರು ಹಿಫ್. ಹರಿಯುವ ಕೆಲಸಕ್ಕೇ ಆಕ್ಸಿಜನ್ ಬೇಕು, ಅದೇ ಇದರ ಸೊಗಸು. ಆಕ್ಸಿಜನ್ ಇಳಿದರೆ ಹರಿಯುವವನ ಕೈ ಸೋಲುತ್ತದೆ, ಅರ್ಜಿ ಮೇಲಕ್ಕೆ ಹೋಗುತ್ತದೆ. ಮೂತ್ರಪಿಂಡ ಕೆಲವೇ ಗಂಟೆಗಳಲ್ಲಿ ಎರಿಥ್ರೊಪೊಯೆಟಿನ್ ಸುರಿಸಲು ತೊಡಗುತ್ತದೆ. ಕೆಂಪು ರಕ್ತಕಣ ಹೆಚ್ಚಲು ಮಾತ್ರ ವಾರಗಳು ಬೇಕು. ಲೇಹ್‌ಗೆ ಹೋದ ಮೂರನೇ ದಿನ ಹಿಮೋಗ್ಲೋಬಿನ್ ಏರಿತೆಂದು ಹಿಗ್ಗುವವರಿಗೆ ಏರಿದ್ದು ರಕ್ತವಲ್ಲ, ರಕ್ತದೊಳಗಿನ ನೀರು ಇಳಿದಿರುತ್ತದೆ.

ರಕ್ತ ಗಟ್ಟಿಯಾದಷ್ಟೂ ಒಳ್ಳೆಯದು ಎಂದು ನಾನೂ ಬಹಳ ಕಾಲ ನಂಬಿದ್ದೆ. ಹಾಗಲ್ಲ. ಆಂಡಿಸ್ ಬೆಟ್ಟದ ಜನರಲ್ಲಿ ಕೆಲವರ ರಕ್ತ ಗಟ್ಟಿಯಾಗುತ್ತಾ ಹೋಗಿ ಅದೇ ಕಾಯಿಲೆಯಾಗುತ್ತದೆ, ಪೆರುವಿನ ಕಾರ್ಲೋಸ್ ಮೊಂಗೆಯ ಹೆಸರಿನದು. ಟಿಬೆಟಿನವರಲ್ಲಿ ಬಹುಪಾಲು ಜನರಿಗೆ ಅಷ್ಟು ಎತ್ತರದಲ್ಲೂ ಹಿಮೋಗ್ಲೋಬಿನ್ ಅಷ್ಟೇನೂ ಏರುವುದಿಲ್ಲ. ಅವರ ಇಪಾಸ್1 ಎಂಬ ಜೀನು ಆ ಅರ್ಜಿಗಳಿಗೆ ಗಾಬರಿಬೀಳುವುದಿಲ್ಲ. ಈ ಜೀನಿನ ಅವರ ಬಗೆ ಬಂದದ್ದು ಡೆನಿಸೋವನ್ನರೆಂಬ, ಈಗ ಅಳಿದುಹೋಗಿರುವ ಮಾನವರಿಂದ ಎಂದು 2014ರಲ್ಲಿ ಗೊತ್ತಾಯಿತು. ಬೈಲುಕುಪ್ಪೆಯಲ್ಲಿ ಹುಟ್ಟಿ, ನಮ್ಮ ಹಾಗೇ ಸೆಟ್ ದೋಸೆ ತಿಂದು, ನನಗಿಂತ ಚೆನ್ನಾಗಿ ಕನ್ನಡ ಬರೆಯುವ ಟಿಬೆಟನ್ ಹುಡುಗಿಯೊಬ್ಬಳು ನನ್ನ ಕ್ಲಾಸಿನಲ್ಲಿದ್ದಳು. ಒಮ್ಮೆಯೂ ಹಿಮ ಕಂಡವಳಲ್ಲ. ಅವಳ ಅಪ್ಪ ಜೋಳದ ಹೊಲಕ್ಕೆ ನೀರು ಕಟ್ಟುವಾಗಲೂ ಅವರಿಬ್ಬರ ಮೈಯಲ್ಲಿ ಆ ಹಳೆಯ ಬೆಟ್ಟ ಕೂತಿದೆ ಎಂದು ಯೋಚಿಸಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಬೈಗುಳ. ನಿಮ್ಮ ಆಸ್ಪತ್ರೆಗಳ ಕೇಸ್ ಶೀಟುಗಳನ್ನು ನೋಡಿದ್ದೇನೆ. ನ್ಯುಮೋನಿಯಾ ಆದವನ ಉಸಿರು 18, ಕಾಲು ಮುರಿದವನದು 18, ಸಾಯುತ್ತಿರುವ ಅಜ್ಜಿಯದೂ 18. ಕರ್ನಾಟಕದ ಸಮಸ್ತರೂ ನಿಮಿಷಕ್ಕೆ ಹದಿನೆಂಟು ಸಲ ಉಸಿರಾಡಬೇಕೆಂದು ಯಾರು ಆಜ್ಞೆ ಹೊರಡಿಸಿದರು? ಕೇಳಿದರೆ ‘ಸರ್, ಸ್ಯಾಚುರೇಶನ್ ನೋಡಿದ್ದೇವಲ್ಲ’ ಅನ್ನುತ್ತೀರಿ. ಪಲ್ಸ್ ಆಕ್ಸಿಮೀಟರಿಗೆ ನಾನು ಕೈಮುಗಿಯುತ್ತೇನೆ, ಅದರ ತತ್ತ್ವ ಕಂಡುಕೊಂಡ ಜಪಾನಿನ ತಕುವೊ ಅಓಯಾಗಿ ಅವರಿಗೂ. 2020ರಲ್ಲಿ ಎಂಬತ್ತರ ಸ್ಯಾಚುರೇಶನ್ನಿನಲ್ಲಿ ಫೋನಿನಲ್ಲಿ ಹರಟುತ್ತಿದ್ದ ರೋಗಿಗಳನ್ನು ನಮಗೆ ತೋರಿಸಿಕೊಟ್ಟದ್ದು ಅದೇ. ಆದರೆ ಕಪ್ಪು ಚರ್ಮದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು ಎಂದು ಅದೇ ವರ್ಷ ಅಮೆರಿಕದ ವೈದ್ಯರು ಲೆಕ್ಕ ಕೊಟ್ಟರು. ನಿಮ್ಮ ವಾರ್ಡಿನಲ್ಲಿ ಮಲಗಿರುವವರ ಬಣ್ಣ ಯಾವುದು, ನೋಡಿಕೊಳ್ಳಿ. ಉಗುರಿಗೆ ಮೆಹಂದಿ ಇದ್ದರೂ ನೋಡಿಕೊಳ್ಳಿ.

ಸೆಕೆಂಡ್ ಮುಳ್ಳಿರುವ ವಾಚು ಕೊಳ್ಳಿ. ಫೋನಲ್ಲಿ ಎಣಿಸಲು ಹೋದರೆ ಮೆಸೇಜು ಬರುತ್ತದೆ, ಎಣಿಕೆ ತಪ್ಪುತ್ತದೆ. ಉಸಿರು ಎಣಿಸುತ್ತಿದ್ದೇನೆಂದು ರೋಗಿಗೆ ಹೇಳಬೇಡಿ, ಹೇಳಿದರೆ ಉಸಿರು ಬದಲಾಗುತ್ತದೆ. ನಾಡಿ ಹಿಡಿದ ಹಾಗೆ ನಟಿಸಿ. ಇಂಟರ್ನ್‌ಶಿಪ್ ಮುಗಿದ ಮಾರನೇ ದಿನವೇ ವಿಮಾನದಲ್ಲಿ ಲೇಹ್‌ಗೆ ಹಾರಿ, ಅದರ ಮಾರನೇ ದಿನವೇ ಖರ್ದುಂಗ್ ಲಾದಲ್ಲಿ ರೀಲ್ಸ್ ಮಾಡುವವರಿದ್ದೀರಿ ಎಂದು ಗೊತ್ತು. ಮೊದಲ ಎರಡು ದಿನ ತೆಪ್ಪಗೆ ಮಲಗಿ, ಗುಂಡು ಹಾಕಬೇಡಿ. ಬೆಟ್ಟದ ಕಾಯಿಲೆಗೆಂದು ಡಯಾಮಾಕ್ಸ್ ನುಂಗಿದರೆ ಬೆರಳು ಜುಮುಗುಟ್ಟುತ್ತದೆ, ಸೋಡಾ ಸಪ್ಪೆ ಅನ್ನಿಸುತ್ತದೆ, ಹೆದರಬೇಡಿ. ಮೂವತ್ತಾರು ಗಂಟೆ ಡ್ಯೂಟಿ ಮಾಡಿ ‘ಐ ಆಮ್ ಫೈನ್ ಸರ್’ ಅನ್ನುವವರು ಆ ಏಳೇಳರ ಲೆಕ್ಕದ ಕಾಗದವನ್ನು ಬಂದು ನೋಡಿಕೊಂಡು ಹೋಗಿ. ಡಯಾಸಿನ ಮೇಲೇ ಬಿಟ್ಟಿರುತ್ತೇನೆ.

ಹೋದ ವರ್ಷ ಹವಾಲ್ದಾರರ ಊರಿಗೆ ಹೋಗಿದ್ದೆ. ಎಂಬತ್ತು ದಾಟಿದ್ದಾರೆ, ಕಣ್ಣು ಮಂಜು. ಮಗ ಮನೆ ಮೇಲೆ ಮನೆ ಕಟ್ಟಿಸಿದ್ದಾನೆ, ಎರಡು ಮಹಡಿ ಹತ್ತಿ ಹೋದೆ. ಲಡಾಖ್, ಪಿಂಚಣಿ, ಕಬ್ಬಿನ ಬಾಕಿ ಎಂದು ನಾನು ಒಂದೇ ಸಮನೆ ಮಾತಾಡುತ್ತಿದ್ದೆ. ಅವರು ನನ್ನ ಮುಖ ನೋಡುತ್ತಿರಲಿಲ್ಲ. ಅಂಗೈ ಮೇಲೆ ಮಾಡಿ ಮಣಿಕಟ್ಟನ್ನು ಕಣ್ಣಿನ ಹತ್ತಿರ ಹಿಡಿದಿದ್ದರು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು.

‘ಇಪ್ಪತ್ತಾರು ಅದಾವ್ರಿ ಸಾಹೇಬ್ರ,’ ಅಂದರು. ‘ಮಾತ್ ಆಮ್ಯಾಲ ಆಡೂಣು. ಕುಂದರ್ರಿ ಮೊದ್ಲ.’