ಅಪವಾದ ಬಂದಾಗ



ಕಲ್ಯಾಣದಲ್ಲಿ ಬಸವಣ್ಣನವರ ಮೇಲೂ ಅಪವಾದ ಬಂದಿತ್ತು. ಬಿಜ್ಜಳನ ಭಂಡಾರದ ಹಣವನ್ನು ದಾಸೋಹಕ್ಕೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರಿದರು. ಅಣ್ಣನವರು ಭಂಡಾರ ತೆರೆಸಿ ಲೆಕ್ಕ ಒಪ್ಪಿಸಿದರು. ಎಣಿಸಿದಾಗ ಹಣ ಕಡಿಮೆ ಬರಲಿಲ್ಲವೆಂದು ಪುರಾಣ ಹೇಳುತ್ತದೆ. ಅವರನ್ನು ಕಾಯ್ದದ್ದು ಭಕ್ತರ ಜಯಘೋಷವಲ್ಲ, ವಿಚಾರಣೆ.

ಆದರೆ ಎಲ್ಲ ಅಪವಾದಗಳೂ ಎಣಿಸಿ ನೋಡುವಂಥವಲ್ಲ. ಮೇಲಧಿಕಾರಿ ತನ್ನೊಡನೆ ಅಸಭ್ಯವಾಗಿ ನಡೆದನೆಂದು ಒಬ್ಬ ಹೆಣ್ಣುಮಗಳು ಹೇಳುತ್ತಾಳೆ. ಆತ ಇಲ್ಲವೆನ್ನುತ್ತಾನೆ. ಕಂಡವರಿಲ್ಲ. ಸಂಜೆಯೊಳಗೆ ಊರು ಎರಡು ಪಾಲು. ಕೆಲವರಿಗೆ ಆತ ಆಗಲೇ ಅಪರಾಧಿ, ಅವನ ಮಕ್ಕಳೊಡನೆಯೂ ಮಾತಿಲ್ಲ. ಉಳಿದವರಿಗೆ ಆಕೆ ಸುಳ್ಳುಗಾತಿ. ಎರಡೂ ತೀರ್ಪುಗಳು ವಿಚಾರಣೆಗೆ ಮುಂಚಿನವು!

ರುಜುವಾತಾಗದ್ದು ಬೇರೆ, ಸುಳ್ಳು ಬೇರೆ. ಈ ವಿವೇಕ 2013ರ ಕಾಯಿದೆಯಲ್ಲಿದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ದೂರನ್ನು ರುಜುವಾತು ಮಾಡಲಾಗಲಿಲ್ಲವೆಂಬ ಮಾತ್ರಕ್ಕೆ ದೂರಿದವಳನ್ನು ದಂಡಿಸುವಂತಿಲ್ಲ. ಕೇಡೆಣಿಸಿ ಸುಳ್ಳಾಡಿದಳೆಂಬುದು ವಿಚಾರಣೆಯಿಂದ ಸಿದ್ಧವಾಗಬೇಕು. ಆಕೆಯ ಹೆಸರಾಗಲಿ ಆತನ ಹೆಸರಾಗಲಿ ಬಹಿರಂಗವಾಗಬಾರದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅಷ್ಟರಲ್ಲಿ ಆಕೆ ಬರೆದು ಕೇಳಿದರೆ ಆಕೆಯನ್ನೋ ಆತನನ್ನೋ ಬೇರೆಡೆಗೆ ವರ್ಗ ಮಾಡಬಹುದು. ಅದು ಶಿಕ್ಷೆಯಲ್ಲ. (ಹೆಚ್ಚಾಗಿ ಆಕೆಯನ್ನೇ ಕಳಿಸಿ ಕೈತೊಳೆದುಕೊಳ್ಳುವರು, ನಮಗದು ಒಪ್ಪಿಗೆಯಿಲ್ಲ.)

ಇನ್ನು ಊರ ಹಿರಿಯರ ರಾಜಿ. ಕಟ್ಟೆಯ ಮೇಲೆ ಕೂತು, ಇಷ್ಟು ಹಣ ಕೊಟ್ಟುಬಿಡು, ಮಾನ ಉಳಿಯಲಿ ಎನ್ನುತ್ತೀರಿ. ಯಾರ ಮಾನ? ನಿರ್ದೋಷಿಯಾಗಿದ್ದರೆ ಆತ ಹಣ ಕೊಟ್ಟು ಕಳಂಕ ಕೊಂಡಂತೆ. ಆಕೆ ಹೇಳಿದ್ದು ನಿಜವಾಗಿದ್ದರೆ ಅವಳ ನೋವಿಗೆ ಬೆಲೆ ಕಟ್ಟಿದಂತೆ. ಆಕೆಯೇ ಕೇಳಿದ ಹೊರತು ರಾಜಿಯಿಲ್ಲ, ಹಣದ ಮೇಲಂತೂ ಇಲ್ಲವೇ ಇಲ್ಲವೆನ್ನುತ್ತದೆ ಅದೇ ಕಾಯಿದೆ.

ಮಕ್ಕಳ ವಿಷಯದಲ್ಲಿ ಹಿರಿಯರಿಗೆ ಕೂತು ತೂಗುವ ಅಧಿಕಾರವೇ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆ ಹೇಳುತ್ತದೆ. ಮುಚ್ಚಿಟ್ಟರೆ ಅದೇ ಅಪರಾಧ. ಮಠಗಳೂ ಅವುಗಳ ವಿದ್ಯಾರ್ಥಿ ನಿಲಯಗಳೂ ಇದಕ್ಕೆ ಹೊರತಲ್ಲ. ಕಾವಿಯ ಮೇಲೆ ಮಾತು ಬಂತೆಂದರೆ ಭಕ್ತರಿಗೆ ರೋಷ ಬರುತ್ತದೆ, ನಾವು ಬಲ್ಲೆವು. ಈ ಪೀಠದಲ್ಲಿ ಕೂತೇ ಹೇಳುತ್ತೇವೆ, ಕೇಳಿರಿ. ನಾಳೆ ನಮ್ಮ ಮೇಲೆ ಅಂಥ ದೂರು ಬಂದರೆ ನಮ್ಮ ಪರವಾಗಿ ಮೆರವಣಿಗೆ ಬೇಡ. ದೂರಿದ ಮಗುವಿನ ಮನೆಯ ಮುಂದೆ ನಿಮ್ಮಲ್ಲಿ ಒಬ್ಬರೂ ನಿಲ್ಲಬಾರದು. ಮಠದ ಹಾಜರಿ ಪುಸ್ತಕ, ಬೀಗದ ಕೈ, ಎಲ್ಲವನ್ನೂ ಕೇಳಬಂದ ಅಧಿಕಾರಿಯ ಕೈಗೆ ಕೊಡಿರಿ. ನಾವು ಕರೆದಲ್ಲಿಗೆ ಹೋಗಿ ಉತ್ತರ ಹೇಳುತ್ತೇವೆ.