ಎರಡು ಹೊತ್ತೋ, ಎರಡು ತಾಸಿಗೊಮ್ಮೆಯೋ?

ಒಪ್ಪತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬುದು ನಮ್ಮ ಹಿರಿಯರ ಮಾತು. ಆ ಮಾತೇ ಈಗ ಮರಾಠಿ ಅಂಗಿ ತೊಟ್ಟು ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಹಳ್ಳಿಗಳಿಗೆ ಮರಳಿ ಬಂದಿದೆ. ಡಾ. ಜಗನ್ನಾಥ ದೀಕ್ಷಿತರ ಪಥ್ಯದ ಹೆಸರನ್ನು ನೀವು ಕೇಳಿರುತ್ತೀರಿ. ದಿವಂಗತ ಡಾ. ಶ್ರೀಕಾಂತ ಜಿಚಕಾರರ ವಿಚಾರದಿಂದ ಬೆಳೆದ ಪಥ್ಯವದು. ದಿನಕ್ಕೆ ಎರಡೇ ಊಟ, ಪ್ರತಿ ಊಟ 55 ನಿಮಿಷದೊಳಗೆ ಮುಗಿಯಬೇಕು, ಜೊತೆಗೆ ದಿನವೂ 45 ನಿಮಿಷ ಬಿರುಸು ನಡಿಗೆ. ಇನ್ನೊಂದು ಕಡೆ ಋಜುತಾ ದಿವೇಕರ್ ಅವರು 2009ರ ತಮ್ಮ ಪುಸ್ತಕದಲ್ಲಿ ಎರಡೆರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿರಿ ಎಂದರು. ಹಾಗಾದರೆ ಯಾರ ಮಾತು ಕೇಳಬೇಕು?

ಈ ಜಗಳ ಹೊಸದಲ್ಲ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬವರು ಬ್ರೆಡ್ಡು, ಸಕ್ಕರೆ, ಬಟಾಟೆ ಬಿಟ್ಟು ತೂಕ ಇಳಿಸಿಕೊಂಡ ಬಗೆಯನ್ನು ಪುಸ್ತಿಕೆ ಬರೆದು ಹಂಚಿದ್ದರು. ಅಂದಿನಿಂದ ಒಬ್ಬರು ಹಿಟ್ಟು ಬಿಡಿ ಎನ್ನುತ್ತಾರೆ, ಇನ್ನೊಬ್ಬರು ಎಣ್ಣೆ ಬಿಡಿ ಎನ್ನುತ್ತಾರೆ. ಅಮೆರಿಕದಲ್ಲಿ 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ಪರೀಕ್ಷಿಸಿದರು. 2018ರಲ್ಲಿ ಅದರ ಫಲಿತಾಂಶ ಬಂತು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ ಇಳಿದಿದ್ದರು, ಪಿಷ್ಟ ಕಡಿಮೆ ಮಾಡಿದವರು 6 ಕಿಲೋ. ಹೇಳಿಕೊಳ್ಳುವಂಥ ಅಂತರವಿಲ್ಲ. ಎರಡೂ ಗುಂಪಿನಲ್ಲಿ ಬಹಳ ಇಳಿದವರೂ ಇದ್ದರು, ಏರಿದವರೂ ಇದ್ದರು. ಎರಡೂ ಗುಂಪಿಗೆ ಹೇಳಿದ್ದ ಮಾತು ಮಾತ್ರ ಒಂದೇ: ಸಕ್ಕರೆ, ಮೈದಾ ಕಡಿಮೆ ಮಾಡಿ, ಕಾಯಿಪಲ್ಲೆ ಹೆಚ್ಚು ತಿನ್ನಿ.

ಗುಟ್ಟು ಇಷ್ಟೇ. ಎರಡೇ ಊಟ ಮಾಡುವವನಿಗೆ ನಡುವಿನ ಚಹಾ, ಬಿಸ್ಕತ್ತು, ಭಜಿ ತಪ್ಪುತ್ತವೆ. ಸ್ವಲ್ಪ ಸ್ವಲ್ಪ ತಿನ್ನುವವನಿಗೆ ಹೊಟ್ಟೆಬಾಕತನದ ಹಸಿವು ತಪ್ಪುತ್ತದೆ. ಒಟ್ಟು ಆಹಾರ ಕಡಿಮೆಯಾದರೆ ಇಬ್ಬರೂ ಇಳಿಯುತ್ತಾರೆ. ಕಡಿಮೆಯಾಗದಿದ್ದರೆ ಮರಾಠಿ ಗಾದೆಯಂತೆ 'ಏಕಾದಶೀ ಆಣಿ ದುಪ್ಪಟ್ ಖಾಶೀ'. ಉಪವಾಸದ ದಿನವೇ ಸಾಬುದಾಣಿ ಖಿಚಡಿ, ಮೇಲೆ ಶೇಂಗಾ ಉಂಡಿ!

ಸ್ವಲ್ಪ ಲೆಕ್ಕ ನೋಡೋಣ. 50 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಗೆ ಸುಮಾರು 170 ಕ್ಯಾಲೊರಿ. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾಕ್ಕೂ ಅಷ್ಟೇ. ಚಮಚಕ್ಕೆ 5 ಗ್ರಾಮಿನಂತೆ ಎರಡೆರಡು ಚಮಚ ಸಕ್ಕರೆ ಹಾಕಿ ದಿನಕ್ಕೆ ಐದು ಕಪ್ಪು ಚಹಾ ಕುಡಿದರೆ ಬರೀ ಸಕ್ಕರೆಯಿಂದಲೇ 200 ಕ್ಯಾಲೊರಿ. ರೊಟ್ಟಿಗಿಂತ ಹೆಚ್ಚಾಯಿತಲ್ಲ! ಆದರೂ ನಮ್ಮವರು ಮೊದಲು ಬೈಯುವುದು ರೊಟ್ಟಿಯನ್ನೇ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಂಥ ಧಾನ್ಯ ಬಿಟ್ಟು ಪೇಟೆಯ ಡಬ್ಬಿಯ ಪುಡಿ ಕದಡಿ ಕುಡಿಯುವ ಅಗತ್ಯವಿಲ್ಲ. ರೊಟ್ಟಿ ಎರಡಕ್ಕೆ ಇಳಿಸಿ, ಪುಂಡಿಪಲ್ಯ, ಮೆಂತ್ಯ, ಮಡಿಕೆಕಾಳು, ತಿಳಿಮಜ್ಜಿಗೆ ಏರಿಸಿ. ಅಜ್ಜ ರಂಟೆ ಹೊಡೆದು ನಾಲ್ಕು ರೊಟ್ಟಿ ಉಂಡ. ಮೊಮ್ಮಗ ಮೋಟಾರ್ ಸೈಕಲ್ಲಿನ ಮೇಲೆ ಹೊಲ ನೋಡಿಬಂದು ನಾಲ್ಕು ಉಂಡರೆ ಹೇಗೆ?

ಈಗ ಮುಖ್ಯ ಮಾತಿಗೆ ಬರುತ್ತೇನೆ, ಗಮನವಿಟ್ಟು ಕೇಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಗುಳಿಗೆ ತೆಗೆದುಕೊಳ್ಳುವವರು ನೆರೆಯವರನ್ನು ನೋಡಿ ಊಟ ಬಿಟ್ಟರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಕೈನಡುಕ, ಬೆವರು, ಕಣ್ಣುಮಂಜು ಬರುತ್ತವೆ. ಕೆಲವೊಮ್ಮೆ ಎಚ್ಚರ ತಪ್ಪಿ ಜೀವಕ್ಕೇ ಅಪಾಯವಾದೀತು. ಎಚ್ಚರವಿದ್ದು ನುಂಗಬಲ್ಲವರಿಗೆ ಕೂಡಲೇ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಇಂಥವರು ವೈದ್ಯರನ್ನು ಕೇಳದೆ ಪಥ್ಯ ಬದಲಿಸಬಾರದು. ಬಸುರಿ, ಬಾಣಂತಿ, ಬೆಳೆಯುವ ಮಕ್ಕಳು ತೂಕ ಇಳಿಸುವ ಪಥ್ಯಕ್ಕೆ ಇಳಿಯಲೇಬಾರದು. ತಾಯಂದಿರೇ, ಎಲ್ಲರೂ ಉಂಡ ಮೇಲೆ ಉಳಿದದ್ದು ಕೆಡಬಾರದೆಂದು ನಿಮ್ಮ ಹೊಟ್ಟೆಗೆ ತುಂಬಿಕೊಳ್ಳಬೇಡಿ. ಎಲ್ಲರ ಜೊತೆಗೇ ಕೂತು ಉಣ್ಣಿರಿ.

ಉಳಿದವರು ಪ್ರಯೋಗ ಮಾಡಬಯಸಿದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ತಿಂಗಳು ನಡೆಸಿ. ಮೊದಲ ವಾರ ಇಳಿಯುವುದು ಬಹುಪಾಲು ನೀರು, ಅದನ್ನು ಕಂಡು ಹಿಗ್ಗಬೇಡಿ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಗಿ ಬರೆದಿಡಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಟೇಪಿನಿಂದ ಸೊಂಟವನ್ನೂ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು.

ಯಾವ ಪಥ್ಯ ಒಳ್ಳೆಯದು ಎಂದು ಕೇಳಿದರೆ ಒಂದೇ ಉತ್ತರ. ಮುಂದಿನ ವರ್ಷದ ಜಾತ್ರೆಯ ಹೊತ್ತಿಗೂ ನೀವು ಬೇಸರವಿಲ್ಲದೆ ನಡೆಸಿಕೊಂಡು ಬಂದಿರುವಂಥದು, ನಿಮ್ಮ ಒಲೆಯ ಮೇಲೆ ಬೇಯುವಂಥದು. ಅದನ್ನು ಕನ್ನಡದಲ್ಲಿ ರೊಟ್ಟಿ ಎನ್ನಿ, ಮರಾಠಿಯಲ್ಲಿ ಭಾಕರಿ ಎನ್ನಿ, ಹೊಟ್ಟೆಗೆ ಎರಡೂ ಒಂದೇ. ಎಷ್ಟು ಎಂಬುದಷ್ಟೇ ಲೆಕ್ಕ.