ಸಣ್ಣ ಕಾರಿನ ಆಕ್ಸಲ್ ಬೂಟು
(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ ದುಡಿಯುವವರ, ಗಿರಣಿಯಲ್ಲಿ ದುಡಿದವರ ಸಭೆಯಲ್ಲಿ ಮೋಟಾರಿನ ಮಾತೇಕೆ ಎಂದು ತಾವು ಕೇಳಬಹುದು. ಕಾರಣವಿದೆ. 1982ರ ಮುಷ್ಕರದ ಬಳಿಕ ಮುಂಬಯಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲಸ ಹೋದವರಲ್ಲಿ ಕೆಲವರು ಸ್ಟಿಯರಿಂಗು ಹಿಡಿದರು. ಹೋಟೆಲಿನಲ್ಲಿ ವರ್ಷಗಟ್ಟಲೆ ದುಡಿದು, ಕೂಡಿಟ್ಟ ಹಣಕ್ಕೆ ಸಾಲ ಸೇರಿಸಿ ಸಣ್ಣ ಕಾರು ಕೊಂಡು ಬಾಡಿಗೆಗೆ ಓಡಿಸುವವರೂ ನಮ್ಮಲ್ಲಿದ್ದಾರೆ. ಅವರ ಪಾಲಿಗೆ ಕಾರು ಶೋಕಿಯ ವಸ್ತುವಲ್ಲ, ಅನ್ನದ ದಾರಿ. ಆದುದರಿಂದ ಅದರ ಒಂದು ಚಿಕ್ಕ ಅಂಗದ ವಿಚಾರ ಹೇಳಲು ನಿಂತಿದ್ದೇವೆ.

ಹಳೆಯ ಫಿಯೆಟ್ ಟ್ಯಾಕ್ಸಿ ತಮಗೆಲ್ಲ ಗೊತ್ತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಯಿಂದ ಅದು ಮರೆಯಾಯಿತು. ಆ ಗಾಡಿಯನ್ನು ಹಿಂದಿನ ಚಕ್ರಗಳು ತಳ್ಳುತ್ತಿದ್ದವು. 1983ರ ಕೊನೆಗೆ ಬಂದ ಮಾರುತಿ 800 ಹಾಗಲ್ಲ. ಅದನ್ನು ಮುಂದಿನ ಚಕ್ರಗಳೇ ಎಳೆಯುತ್ತವೆ. ಅನಂತರ ಬಂದ ಸಣ್ಣ ಕಾರುಗಳಲ್ಲಿ ಹೆಚ್ಚಿನವೂ ಹೀಗೆಯೇ. ಮುಂದಿನ ಚಕ್ರ ಎಳೆಯಲೂ ಬೇಕು, ಎಡಬಲಕ್ಕೆ ತಿರುಗಲೂ ಬೇಕು, ಹೊಂಡದಲ್ಲಿ ಮೇಲೆ ಕೆಳಗೆ ಆಡಲೂ ಬೇಕು. ಅದಕ್ಕಾಗಿ ಆಕ್ಸಲಿನ ಎರಡು ತುದಿಗಳಲ್ಲೂ ಕೀಲುಗಳಿವೆ. ಚಕ್ರದ ಬದಿಯ ಕೀಲಿನೊಳಗೆ ಸಾಮಾನ್ಯವಾಗಿ 6 ಉಕ್ಕಿನ ಗುಂಡುಗಳಿರುತ್ತವೆ. ಇಂಥ ಕೀಲನ್ನು 1920ರ ದಶಕದಲ್ಲಿ ಫೋರ್ಡ್ ಕಂಪೆನಿಯ ಇಂಜಿನಿಯರ್ ಆಲ್ಫ್ರೆಡ್ ರ್ಝೆಪ್ಪಾ ಎಂಬಾತ ಕಂಡುಹಿಡಿದ. ಕೀಲಿನ ತುಂಬ ಗ್ರೀಸು. ಅದರ ಮೇಲೆ ನೆರಿಗೆ ನೆರಿಗೆಯಾಗಿ ತೊಡಿಸಿದ ರಬ್ಬರಿನ ಕವಚ. ಇದೇ ಬೂಟು. ಗ್ರೀಸು ಹೊರಗೆ ಹೋಗದಂತೆ, ಧೂಳು ನೀರು ಒಳಗೆ ಬಾರದಂತೆ ಕಾಯುವುದಷ್ಟೇ ಇದರ ಕೆಲಸ.

ರಬ್ಬರು ವಯಸ್ಸಾಗಿ ಬಿರಿಯುತ್ತದೆ, ಇಲ್ಲವೆ ಕಲ್ಲು ತಗಲಿ ಹರಿಯುತ್ತದೆ. ಚಕ್ರ ತಿರುಗಿದಂತೆ ಗ್ರೀಸು ಸಿಡಿದು ಹೊರಗೆ ಹೋಗುತ್ತದೆ. ಆ ಜಾಗಕ್ಕೆ ಮರಳು ಸೇರುತ್ತದೆ. ಇಡ್ಲಿಯ ಹಿಟ್ಟು ರುಬ್ಬುವಾಗ ಒಂದು ಹಿಡಿ ಮರಳು ಬಿದ್ದರೆ ಏನಾದೀತೆಂದು ಹೋಟೆಲಿನ ಬಂಧುಗಳಿಗೆ ಹೇಳಬೇಕಾಗಿಲ್ಲ. ಎಣ್ಣೆ ಕಾಣದ ಬೇರಿಂಗಿನ ಗತಿ ಏನೆಂದು ಗಿರಣಿಯವರೇ ಬಲ್ಲರು.

ಇದರ ಅನುಭವ ನಮಗೆ ದೌಲತಾಬಾದಿನಲ್ಲಿ ಆಯಿತು. ನಾವು ನಾಲ್ವರು, ನಮ್ಮಲ್ಲೊಬ್ಬರ ಬಾಡಿಗೆ ಕಾರಿನಲ್ಲಿ, ನಾಸಿಕದ ದಾರಿಯಾಗಿ ವೇರೂಳದ ಗುಹೆಗಳನ್ನು ನೋಡಲು ಹೊರಟಿದ್ದೆವು. ಕನ್ನಡ ನಾಡನ್ನಾಳಿದ ರಾಷ್ಟ್ರಕೂಟರ ಕೃಷ್ಣರಾಜನು 8ನೆಯ ಶತಮಾನದಲ್ಲಿ ಕಡೆಯಿಸಿದ ಕೈಲಾಸವನ್ನು ಕಾಣುವ ಆಸೆ. ದೌಲತಾಬಾದೆಂದರೆ ಹಿಂದಿನ ದೇವಗಿರಿ. ಕನ್ನಡದಲ್ಲಿಯೂ ಶಾಸನ ಬರೆಯಿಸಿದ ಸೇವುಣರ ರಾಜಧಾನಿ. ಕೋಟೆಯ ಬುಡದಲ್ಲಿ ಗಾಡಿ ನಿಲ್ಲಿಸಿದಾಗ ಎಡಗಡೆಯ ಮುಂಚಕ್ರದ ಒಳಮೈಗೆ ಕಪ್ಪು ಗ್ರೀಸು ಎರಚಿದ್ದು ಕಣ್ಣಿಗೆ ಬಿತ್ತು. ಬಗ್ಗಿ ನೋಡಿದರೆ ಬೂಟು ಒಂದು ನೆರಿಗೆಯ ಉದ್ದಕ್ಕೂ ಸೀಳಿತ್ತು.

ಮುಂದೆ ಖುಲ್ತಾಬಾದಿಗೆ ಘಾಟಿಯ ದಾರಿ. ತಿರುವಿನಲ್ಲಿ ಸ್ಟಿಯರಿಂಗು ಹೆಚ್ಚು ತಿರುಗಿದಷ್ಟೂ ಕೀಲು ಹೆಚ್ಚು ಬಾಗುತ್ತದೆ, ಸೀಳು ಹೆಚ್ಚು ಬಾಯಿ ಬಿಡುತ್ತದೆ. ಘಾಟಿ ಹತ್ತುವುದನ್ನು ಬಿಟ್ಟೆವು. ಸೀಳಿನ ಮೇಲೆ ಪ್ಲಾಸ್ಟಿಕ್ಕು ಸುತ್ತಿ, ಬಿಗಿದು ಕಟ್ಟಿ, ನಿಧಾನವಾಗಿ ಛತ್ರಪತಿ ಸಂಭಾಜಿನಗರಕ್ಕೆ ಮರಳಿದೆವು. ಅದು ಊರು ಮುಟ್ಟುವವರೆಗಿನ ಉಪಾಯವೇ ಹೊರತು ರಿಪೇರಿಯಲ್ಲ.

ಅಲ್ಲಿ ಮೊದಲು ಹೋದ ಗ್ಯಾರೇಜಿನವರು ಗಾಡಿಯ ಕೆಳಗೆ ಒಮ್ಮೆ ಇಣುಕಿ, ಇಡೀ ಆಕ್ಸಲು ಬದಲಿಸಬೇಕೆಂದರು. ಅವರು ಹೇಳಿದ ಮೊತ್ತ ಕೇಳಿ ನಮ್ಮ ಗೆಳೆಯರ ಮುಖ ಬಾಡಿತು. ಆ ತಿಂಗಳ ಸಾಲದ ಕಂತು ಇನ್ನೂ ಬಾಕಿ. ಬಡ್ಡಿಗೆ ಹಣ ತರುವ ಯೋಚನೆ ಅವರಿಗೆ. ನಾವು ತಡೆದು ಎರಡನೆಯ ಕಡೆ ಹೋದೆವು. ಅಲ್ಲಿಯ ಮುದುಕ ಮಿಸ್ತ್ರಿ ಮೊದಲು ಗಾಡಿ ಓಡಿಸಿ ಕಿವಿಗೊಟ್ಟ. ಆಮೇಲೆ ಒಂದು ಬೆರಳು ಗ್ರೀಸು ತೆಗೆದು ಉಜ್ಜಿ ನೋಡಿದ. "ಸದ್ದಿಲ್ಲ, ಮರಳಿಲ್ಲ. ಬೂಟು ಸಾಕು" ಎಂದ. ಸಂಜೆಯೊಳಗೆ ಕೆಲಸ ಮುಗಿಯಿತು. ನಾವು ಪಕ್ಕದಲ್ಲೇ ನಿಂತು ನೋಡಿದೆವು. ಅನಂತರ ಕೈಪಿಡಿಯನ್ನೂ ಓದಿ ಕಲಿತದ್ದನ್ನು ಹೇಳುತ್ತೇವೆ.

ಮೊದಲನೆಯದು ಪರೀಕ್ಷೆ. ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಇಂಜಿನು ನಿಲ್ಲಿಸಿ, ಚಕ್ರದ ಹಿಂದೆ ಟಾರ್ಚು ಹಿಡಿಯಿರಿ. ನೆರಿಗೆಗಳನ್ನು ಬೆರಳಿನಿಂದ ಬಿಡಿಸಿ ನೋಡಿರಿ. ಬಿರುಕು ಅಡಗಿರುವುದು ಅಲ್ಲಿಯೇ. ಪಟ್ಟಿ ಸಡಿಲಾಗಿದೆಯೇ ಎಂಬುದನ್ನೂ ಗಮನಿಸಿರಿ. ಒಳಗಡೆ, ಗೇರುಪೆಟ್ಟಿಗೆಯ ಬದಿಗೆ ಇನ್ನೊಂದು ಬೂಟಿದೆ, ಅದನ್ನು ಮರೆಯಬೇಡಿರಿ.

ಎರಡನೆಯದು ಸದ್ದು. ಖಾಲಿ ಮೈದಾನದಲ್ಲಿ ಪೂರ್ತಿ ತಿರುವು ಕೊಟ್ಟು ಮೆಲ್ಲಗೆ ಸುತ್ತು ಹೊಡೆಯಿರಿ. ಟಕ್ ಟಕ್ ಎಂದರೆ ಹೊರಗಿನ ಕೀಲು ಸವೆದಿದೆ. ನೇರ ದಾರಿಯಲ್ಲಿ ವೇಗ ಏರಿಸುವಾಗ ಗಾಡಿ ನಡುಗಿದರೆ ಒಳಗಿನ ಕೀಲಿನ ಮೇಲೆ ಸಂದೇಹ. ವೇಗದೊಡನೆ ಏರುವ ಒಂದೇ ಸಮನೆಯ ಗುಂಯ್ ಸದ್ದು ಬಹುಶಃ ಚಕ್ರದ ಬೇರಿಂಗಿನದು. ಅದಕ್ಕೆ ಬೂಟಿನ ಮೇಲೆ ತಪ್ಪು ಹೊರಿಸಬಾರದು. ಬೂಟು ಹರಿದೂ ಸದ್ದಿಲ್ಲವಾದರೆ, ಗ್ರೀಸಿನಲ್ಲಿ ಮರಳಿಲ್ಲವಾದರೆ, ಬೂಟು ಮತ್ತು ಗ್ರೀಸು ಬದಲಿಸಿದರೆ ಸಾಕು. ಸದ್ದು ಬಂದ ಮೇಲೆ ಹೊಸ ಗ್ರೀಸು ಸವೆದ ಉಕ್ಕನ್ನು ಮರಳಿ ಕೊಡಲಾರದು. ಆಗ ಕೀಲನ್ನು ಇಲ್ಲವೆ ಆಕ್ಸಲನ್ನೇ ಬದಲಿಸಬೇಕು.

ಮೂರನೆಯದು ರಿಪೇರಿ. ಸಮನಾದ ನೆಲ, ಹ್ಯಾಂಡ್ ಬ್ರೇಕು, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು. ಚಕ್ರ ನೆಲದ ಮೇಲಿರುವಾಗಲೇ ನಡುವಿನ ದೊಡ್ಡ ನಟ್ಟನ್ನು ಸಡಿಲಿಸಬೇಕು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತಲೆ ಹಾಕಬಾರದು. ಭದ್ರವಾದ ಸ್ಟ್ಯಾಂಡು ಇಟ್ಟೇ ಕೆಲಸ. ಚಕ್ರ ತೆಗೆದು, ಕೆಳಗಿನ ಬಾಲ್ ಜಾಯಿಂಟು ಬಿಡಿಸಿದರೆ ಆಕ್ಸಲಿನ ತುದಿ ಹಬ್ಬಿನಿಂದ ಹೊರಬರುತ್ತದೆ. ಆಕ್ಸಲನ್ನು ಜೋತುಬಿಡಬಾರದು, ಜಗ್ಗಲೂ ಬಾರದು. ಒಳಗಿನ ಕೀಲು ಕಳಚೀತು. ಹೊರಗಿನ ಕೀಲು ಕೆಲವು ಗಾಡಿಗಳಲ್ಲಿ ಆಕ್ಸಲಿನಿಂದ ಬಿಚ್ಚಿ ಬರುತ್ತದೆ. ಕೆಲವದರಲ್ಲಿ ಬಿಚ್ಚುವಂತಿಲ್ಲ, ಆಕ್ಸಲನ್ನು ಪೂರ್ತಿ ಹೊರತೆಗೆದು ಒಳಬದಿಯಿಂದ ಬೂಟು ತೊಡಿಸಬೇಕು. ಆಯಾ ಗಾಡಿಯ ಕೈಪಿಡಿ ಹೇಳಿದಂತೆ ನಡೆಯತಕ್ಕದ್ದು.

ಹಳೆಯ ಗ್ರೀಸನ್ನು ಪೂರ್ತಿ ಒರೆಸಿ ತೆಗೆಯಿರಿ. ರಬ್ಬರಿಗೆ ಸೀಮೆಎಣ್ಣೆ, ಪೆಟ್ರೋಲು ಮುಟ್ಟಿಸಬೇಡಿರಿ. ಬೂಟಿನ ಜತೆಗೆ ಬರುವ ಗ್ರೀಸನ್ನೇ, ಬಂದಷ್ಟನ್ನೂ ತುಂಬಿರಿ. ಅಗ್ಗದ ಸಾಮಾನ್ಯ ಗ್ರೀಸು ಈ ಕೀಲಿಗೆ ಸಲ್ಲದು. ಪಟ್ಟಿ ಬಿಗಿಯುವ ಮುನ್ನ ಬೂಟಿನ ಅಂಚನ್ನು ತುಸು ಎತ್ತಿ ಒಳಗೆ ಗಾಳಿ ಸಮನಾಗಲು ಬಿಡಿರಿ. ಇಲ್ಲದಿದ್ದರೆ ನೆರಿಗೆ ಒಳಸೇದಿ ಬೇಗ ಹರಿಯುತ್ತದೆ. ಹಬ್ಬಿನ ನಟ್ಟು ಹೊಸತಿರಲಿ. ಕೈಪಿಡಿಯ ಅಳತೆಗೆ ಟಾರ್ಕ್ ಪಾನಾದಿಂದ ಬಿಗಿಯಿರಿ. ಅಂದಾಜಿನ ಬಿಗಿತ ಬೇಡ. ಸಾಧನವಿಲ್ಲದವರು ಮಿಸ್ತ್ರಿಗೆ ಕೊಡಲಿ, ಆದರೆ ಪಕ್ಕದಲ್ಲಿ ನಿಂತು ನೋಡಲಿ.

ದೇವಗಿರಿಯ ಕಥೆ ತಾವು ಕೇಳಿರಬಹುದು. 1296ರಲ್ಲಿ ಅಲ್ಲಾವುದ್ದೀನನು ಮುತ್ತಿದಾಗ, ಧಾನ್ಯವೆಂದು ಕೋಟೆಯೊಳಗೆ ಒಯ್ದ ಚೀಲಗಳಲ್ಲಿ ಉಪ್ಪಿತ್ತಂತೆ. ಅದರಿಂದಲೇ ರಾಜನು ಮಣಿಯಬೇಕಾಯಿತೆಂದು ಹೇಳುತ್ತಾರೆ. ಉಕ್ಕಿನ ಕೀಲೂ ಹಾಗೆಯೇ. ಒಳಗಿನ ದಾಸ್ತಾನು ತೀರಿದಾಗಲೇ ಅದು ಸೋಲುವುದು.

ಬಂಧುಗಳೇ, ಬಡವನ ಹಣ ಹೋಗುವುದು ದೊಡ್ಡ ಕೇಡಿನಿಂದಲೇ ಅಲ್ಲ; ಸಕಾಲದಲ್ಲಿ ನೋಡದ ಸಣ್ಣ ಕೇಡಿನಿಂದಲೂ ಹೋಗುತ್ತದೆ, ನಮಗೆ ತಿಳಿಯದೆಂದು ಇನ್ನೊಬ್ಬರು ಹೇಳಿದ್ದನ್ನೆಲ್ಲ ನಂಬುವುದರಿಂದಲೂ ಹೋಗುತ್ತದೆ. ಗಾಡಿಯುಳ್ಳ ಸದಸ್ಯರು ತಿಂಗಳಿಗೊಮ್ಮೆ, ಮಳೆಗಾಲಕ್ಕೆ ಮೊದಲು ತಪ್ಪದೆ, ನಾಲ್ಕೂ ಬೂಟುಗಳನ್ನು ನೋಡಲಿ. ಸಂದೇಹವಾದವರು ಭಾನುವಾರ ಗಾಡಿಯನ್ನು ಸಂಘದ ಬಾಗಿಲಿಗೆ ತರಲಿ. ಬಗ್ಗಿ ನೋಡಲು ನಾವಿದ್ದೇವೆ.